ಯುದ್ಧಕಾಲದ ದನದ ಡಾಕ್ಟರು ಮತ್ತು ಒಂದು ಲೋಟ ಹಾಲು

ಇಂಗ್ಲಿಷ್ ಧಾರಾವಾಹಿ ನೋಡುವ ಗೆಳೆಯರು ದನದ ಡಾಕ್ಟರಾದ ನನ್ನನ್ನು ಕೇಳುವ ಪ್ರಶ್ನೆ ಒಂದೇ. 'ಆಲ್ ಕ್ರಿಯೇಚರ್ಸ್ ಗ್ರೇಟ್ ಆ್ಯಂಡ್ ಸ್ಮಾಲ್' ನೋಡಿದ್ದೀರಾ ಡಾಕ್ಟ್ರೇ? ನೋಡಿದ್ದೇನೆ, ಇಷ್ಟವೂ ಆಗಿದೆ. ಅವರಿಗೆ ಅದರಲ್ಲಿ ಕಾಣುವುದು ಹಸಿರು ಗುಡ್ಡ, ಕಲ್ಲಿನ ಗೋಡೆ, ಬೆಂಕಿಯ ಮುಂದೆ ಮಲಗಿದ ನಾಯಿ. ನನ್ನ ಕಣ್ಣು ಹೋಗುವುದು ಕೊಟ್ಟಿಗೆ ಮೂಲೆಯ ಬಕೆಟ್ ಕಡೆಗೆ, ಡಾಕ್ಟರ ಬ್ಯಾಗಿನ ಬಾಟಲಿಗಳ ಕಡೆಗೆ. ಅದೊಂದು ವೃತ್ತಿಯ ಚಾಳಿ, ಬಿಡಿ.

ನೋಡದವರಿಗೆ ಎರಡು ಮಾತು. ಬ್ರಿಟನ್ನಿನ ಚಾನೆಲ್ 5ರಲ್ಲಿ 2020ರಿಂದ ಬರುತ್ತಿರುವ ಸರಣಿ ಇದು. ಯಾರ್ಕ್‌ಷೈರ್ ಡೇಲ್ಸ್‌ನ ಡ್ಯಾರೊಬಿ ಎಂಬ ಕಾಲ್ಪನಿಕ ಊರಿನ ಮೂವರು ಪಶುವೈದ್ಯರ ಕಥೆ: ಹೊಸದಾಗಿ ಬಂದ ಜೇಮ್ಸ್, ಸಿಡುಕಿನ ಯಜಮಾನ ಸೀಗ್‌ಫ್ರೀಡ್, ಅವನ ತುಂಟ ತಮ್ಮ ಟ್ರಿಸ್ಟನ್. ಕಥೆ 1937ರಲ್ಲಿ ಶುರುವಾಗುತ್ತದೆ. ನಾಲ್ಕನೇ ಸೀಸನ್ನಿಗೆ ಬರುವಷ್ಟರಲ್ಲಿ 1940, ಯುದ್ಧ ಮನೆಬಾಗಿಲಿಗೆ ಬಂದಿರುತ್ತದೆ.

'ಬೆಚ್ಚಗಿನ ಕಥೆಗೆ ಯುದ್ಧ ಯಾಕೆ ತುರುಕಿದರು' ಅಂತ ಗೊಣಗುವವರೂ ಇದ್ದಾರೆ. ನಿಜ ಸಂಗತಿ ಉಲ್ಟಾ. ಸರಣಿಗೆ ಮೂಲ ಜೇಮ್ಸ್ ಹೆರಿಯಟ್ ಅವರ ಪುಸ್ತಕಗಳು. ಜೇಮ್ಸ್ ಹೆರಿಯಟ್ ಅನ್ನುವುದು ಪಶುವೈದ್ಯ ಆಲ್ಫ್ ವೈಟ್ ಅವರ ಬರವಣಿಗೆಯ ಹೆಸರು. ಅವರು ಗ್ಲಾಸ್ಗೋದಲ್ಲಿ ಓದಿ 1939ರಲ್ಲಿ ಪಾಸಾದರು. ಥರ್ಸ್ಕ್ ಪಟ್ಟಣದಲ್ಲಿ, ಸೀಗ್‌ಫ್ರೀಡ್ ಪಾತ್ರದ ಮೂಲವಾದ ಡೊನಾಲ್ಡ್ ಸಿಂಕ್ಲೇರ್ ಬಳಿ ಕೆಲಸಕ್ಕೆ ಸೇರಿದ್ದು 1940ರ ಜುಲೈನಲ್ಲಿ. ಅಂದರೆ ಕಾಲಿಟ್ಟ ದಿನವೇ ಯುದ್ಧ ನಡೆಯುತ್ತಿತ್ತು. ಕಥೆ ಬರೆಯುವಾಗ ಅವರೇ ಕಾಲವನ್ನು ಹಿಂದಕ್ಕೆ ಸರಿಸಿದರು. ಧಾರಾವಾಹಿ ಅದನ್ನು ಮತ್ತೆ ಯುದ್ಧಕ್ಕೆ ತಂದಾಗ ಒಂದು ರೀತಿಯಲ್ಲಿ ಮೂಲಕ್ಕೇ ಮರಳಿತು.

ಇನ್ನೊಂದು ಪ್ರಶ್ನೆಯೂ ಬರುತ್ತದೆ. ದೇಶದ ಗಂಡಸರೆಲ್ಲ ಸೈನ್ಯಕ್ಕೆ ಹೋಗುವಾಗ ಈ ದನದ ಡಾಕ್ಟರು ಊರಲ್ಲೇ ಹೇಗಿದ್ದರು? ಪಶುವೈದ್ಯ ವೃತ್ತಿಗೆ ಆಗ ಸೈನ್ಯದ ಕರೆಯಿಂದ ವಿನಾಯಿತಿ ಇತ್ತು. ಕಾರಣ ಬಹಳ ಲೆಕ್ಕಾಚಾರದ್ದು. ಬ್ರಿಟನ್ ತಿನ್ನುವ ಆಹಾರದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುತ್ತಿತ್ತು. ದನಕ್ಕೆ ಹಾಕುವ ಹಿಂಡಿ, ಕಾಳು ಕೂಡ ಹಾಗೇ. ಜರ್ಮನ್ ಸಬ್‌ಮರಿನ್‌ಗಳು ಹಡಗು ಮುಳುಗಿಸತೊಡಗಿದ ಮೇಲೆ ಇರುವ ಜಾಗ ಮನುಷ್ಯರ ಊಟಕ್ಕೇ ಸಾಲದಾಯಿತು. ಹಂದಿ, ಕೋಳಿ ಸಾಕಣೆಯನ್ನು ಇಳಿಸಿದರು. ಹುಲ್ಲುಗಾವಲು ಉತ್ತು ಗೋಧಿ, ಆಲೂಗಡ್ಡೆ ಹಾಕಿ ಅಂತ ಜಿಲ್ಲೆಗೊಂದು ಯುದ್ಧ ಕೃಷಿ ಸಮಿತಿ ಆಜ್ಞೆ ಹೊರಡಿಸುತ್ತಿತ್ತು. ಮಾತು ಕೇಳದ ರೈತನ ಜಮೀನನ್ನೇ ಕಿತ್ತುಕೊಳ್ಳುವ ಅಧಿಕಾರ ಅದಕ್ಕಿತ್ತು.

ಒಂದನ್ನು ಮಾತ್ರ ಇಳಿಸಲಿಲ್ಲ: ಕರೆಯುವ ಹಸು. ಅದು ಹುಲ್ಲು ತಿಂದು ಹಾಲು ಕೊಡುತ್ತದೆ, ಹಡಗು ಬೇಕಿಲ್ಲ. 1940ರ ಜುಲೈನಲ್ಲಿ ಸರ್ಕಾರ ಬಸುರಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೊಂದು ಪಿಂಟ್, ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಾಲು ಅಗ್ಗದಲ್ಲಿ ಕೊಡಲು ಶುರುಮಾಡಿತು. ತೀರಾ ಬಡವರಿಗೆ ಪುಕ್ಕಟೆ. ಅಲ್ಲಿಂದ ಹಳ್ಳಿಯ ಪಶುವೈದ್ಯನ ಯುದ್ಧ ಅಂದರೆ ಹಾಲಿನ ಯುದ್ಧ. ಧಾರಾವಾಹಿಯ ಯುದ್ಧಕಾಲದ ಕಂತುಗಳನ್ನು ನಾನು ನೋಡುವುದು ಹೀಗೆ. ಒಂದು ಹಸು ಬಿದ್ದರೆ ರೈತನ ಗಂಟಲು ಯಾಕೆ ಕಟ್ಟುತ್ತದೆ ಅನ್ನುವುದೂ ಆಗ ಅರ್ಥವಾಗುತ್ತದೆ.

ಈಗ ಬ್ಯಾಗಿಗೆ ಬರೋಣ. ಸರಣಿಯ ಔಷಧದ ಕೋಣೆಯಲ್ಲಿ ಗಾಜಿನ ಬಾಟಲಿಗಳು ಸಾಲುಸಾಲಾಗಿವೆ, ನೋಡಲು ಚೆಂದ. ಕೆಲಸಕ್ಕೆ ಬರುವಂಥವು ಬೆರಳೆಣಿಕೆ. ಮಿಕ್ಕದ್ದು ಗೊಟ್ಟದಲ್ಲಿ ಕುಡಿಸುವ ಕಹಿ ಕಷಾಯ, ಭೇದಿಗೆ ಪುಡಿ, ಚರ್ಮಕ್ಕೆ ಮುಲಾಮು. ಪೆನಿಸಿಲಿನ್ ಇರಲೇ ಇಲ್ಲ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದನ್ನು ಮೊದಲ ಬಾರಿಗೆ ಒಬ್ಬ ಪೊಲೀಸಿನವನಿಗೆ ಕೊಟ್ಟು ನೋಡಿದರು. ಔಷಧ ಎಷ್ಟು ಕಡಿಮೆ ಇತ್ತೆಂದರೆ ಅವನ ಮೂತ್ರದಿಂದಲೇ ಮರಳಿ ತೆಗೆದು ಮತ್ತೆ ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದವನು ಔಷಧ ಮುಗಿದು ತೀರಿಕೊಂಡ. ಅಂಥ ಕಾಲದಲ್ಲಿ ಹಸುವಿನ ಕೆಚ್ಚಲಿಗೆ ಯಾರು ಕೊಡುತ್ತಾರೆ? ಕೆಚ್ಚಲು ಬಾವಿಗೆ ಬಿಸಿನೀರಿನ ಶಾಖ, ಗಂಟೆಗೊಮ್ಮೆ ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆಯುವುದು, ಅಷ್ಟೇ. ಪದೇ ಪದೇ ಹಿಂಡಿ ತೆಗೆಯಿರಿ ಅಂತ ನಾವು ಇವತ್ತಿಗೂ ಹೇಳುತ್ತೇವೆ. ಯಾರೂ ಮಾಡುವುದಿಲ್ಲ, ಅದು ಬೇರೆ ಮಾತು.

ಪೆನಿಸಿಲಿನ್ ಇಲ್ಲದಿದ್ದರೂ ರೋಗಾಣು ತಡೆಯುವ ಸಲ್ಫಾ ಔಷಧಗಳು ಆಗಲೇ ಇದ್ದವು. 1938ರಲ್ಲಿ ಬಂದ ಎಂ ಆ್ಯಂಡ್ ಬಿ 693 ಎಂಬ ಸಲ್ಫಾ ಮಾತ್ರೆ ನ್ಯುಮೋನಿಯಾಕ್ಕೆ ರಾಮಬಾಣ ಅನಿಸಿಕೊಂಡಿತ್ತು. 1943ರ ಕೊನೆಯಲ್ಲಿ ಚರ್ಚಿಲ್‌ಗೆ ನ್ಯುಮೋನಿಯಾ ಬಂದಾಗ ಕೊಟ್ಟದ್ದೂ ಅದನ್ನೇ.

ಆ ಬ್ಯಾಗಿನಲ್ಲಿದ್ದ ನಿಜವಾದ ಪವಾಡ ಮಾತ್ರ ಕ್ಯಾಲ್ಸಿಯಂ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅಂಥ ದೃಶ್ಯ ತೆರೆಯ ಮೇಲೆ ಬಂದಾಗ ಸುಳ್ಳು ಅನಿಸುವಷ್ಟು ನಾಟಕೀಯವಾಗಿರುತ್ತದೆ. ಸುಳ್ಳಲ್ಲ.

ಚೆನ್ನಾಗಿ ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನದಲ್ಲಿ ಕುಸಿಯುತ್ತದೆ. ಕತ್ತು ಒಂದು ಕಡೆ ತಿರುಗಿ ತಲೆ ಪಕ್ಕೆಗೆ ಆತುಕೊಳ್ಳುತ್ತದೆ. ಕಿವಿ ತಣ್ಣಗೆ, ಮೂತಿ ಒಣಗಿರುತ್ತದೆ. ಹಾಲು ಜ್ವರ ಅಂತ ಹೆಸರು, ಮುಟ್ಟಿ ನೋಡಿದರೆ ಮೈ ಬಿಸಿಯೇ ಇರುವುದಿಲ್ಲ. ಗಿಣ್ಣು ಹಾಲಿಗೆ ಒಮ್ಮೆಲೇ ಬಹಳ ಕ್ಯಾಲ್ಸಿಯಂ ಹೋಗುತ್ತದೆ. ಮೂಳೆಯಿಂದ ಅಷ್ಟೇ ಬೇಗ ತೆಗೆದು ರಕ್ತಕ್ಕೆ ತುಂಬಲು ಮೈಗೆ ಆಗುವುದಿಲ್ಲ. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಕೆಲಸ ಮಾಡುವುದಿಲ್ಲ, ಕೊನೆಗೆ ಹೃದಯವೂ ನಿಲ್ಲುತ್ತದೆ.

ಇದು ಗೊತ್ತಾಗುವ ಮೊದಲು ಇಂಥ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದವು. 1901ರಲ್ಲಿ ಡೆನ್ಮಾರ್ಕ್‌ನ ಆಂಡರ್ಸನ್ ಎಂಬ ಪಶುವೈದ್ಯ ಮೊಲೆತೊಟ್ಟಿನ ಮೂಲಕ ಕೆಚ್ಚಲಿಗೆ ಗಾಳಿ ತುಂಬಿ ನೋಡಿದರು. ಹಸು ಎದ್ದಿತು! ಗಾಳಿಯ ಒತ್ತಡಕ್ಕೆ ಹಾಲು ಇಳಿಯುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ಇದರ ಹಿಂದಿನ ಕಾರಣವನ್ನು 1925ರಲ್ಲಿ ಎಡಿನ್‌ಬರೊದ ಡ್ರೈಯರ್ ಮತ್ತು ಗ್ರೇಗ್ ಹೇಳಿದರು. 1930ರ ದಶಕದಲ್ಲಿ ಕ್ಯಾಲ್ಸಿಯಂ ಬೋರೊಗ್ಲುಕೊನೇಟ್ ಬಂತು. ನಾವು ಈಗಲೂ ಹಾಕುವುದು ಅದನ್ನೇ. 450 ಮಿಲಿ ಬಾಟಲಿ, ಮೈಬಿಸಿಗೆ ಬೆಚ್ಚಗೆ ಮಾಡಿ, ನಿಧಾನಕ್ಕೆ ನರಕ್ಕೆ ಬಿಡಬೇಕು. ಒಂದು ಕೈ ಬಾಟಲಿಗೆ, ಕಿವಿ ಹೃದಯಕ್ಕೆ. ಅವಸರ ಮಾಡಿದರೆ ಅದೇ ಔಷಧ ಹಸುವನ್ನು ಕೊಲ್ಲುತ್ತದೆ. ಸರಿಯಾಗಿ ಹೋದರೆ ಮೊದಲು ಮೈ ನಡುಗುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ, ಆಮೇಲೆ ಎದ್ದು ನಿಲ್ಲುತ್ತದೆ. ಹೆಚ್ಚು ಹಾಲು ಕೊಡುವ ಎಚ್‌ಎಫ್ ತಳಿಯ ಹಸು ಸಾಕುವ ನಮ್ಮ ಮನೆಗಳಲ್ಲಿ ಇದು ಮಾಮೂಲು. ಆದರೂ ಆ ಹೊತ್ತಿಗೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿರುತ್ತಾರೆ. 1940ರ ಯಾರ್ಕ್‌ಷೈರ್ ರೈತನ ಮುಖ ಹೇಗಿದ್ದಿರಬಹುದು ಅಂತ ನನಗೆ ಕೇಳಬೇಕಿಲ್ಲ.

ಇನ್ನು ಕ್ಷಯ. ಕಥೆಯಲ್ಲಿ ಇದು ಹಿನ್ನೆಲೆಯಲ್ಲಿ ಸರಿದುಹೋಗುತ್ತದೆ. ನಿಜದಲ್ಲಿ ಇದೇ ಮುಖ್ಯ ಕೆಲಸ. 1930ರ ದಶಕದ ಬ್ರಿಟನ್ನಿನಲ್ಲಿ ಹಾಲಿನ ಹಸುಗಳಲ್ಲಿ ನೂರಕ್ಕೆ ಸುಮಾರು 40ಕ್ಕೆ ಕ್ಷಯದ ಸೋಂಕಿತ್ತು. ಅವರು ಹಾಲನ್ನು ಹಸಿಯಾಗಿ ಕುಡಿಯುತ್ತಿದ್ದರು. ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ದನದ ಕ್ಷಯದಿಂದ ಸಾಯುತ್ತಿದ್ದರು. ನಮ್ಮ ಅಜ್ಜಿಯರು ಹಾಲನ್ನು ಉಕ್ಕಿಸಿಯೇ ಕೊಡುತ್ತಿದ್ದದ್ದು ಎಷ್ಟು ಮಕ್ಕಳನ್ನು ಉಳಿಸಿತೋ.

ಪರೀಕ್ಷೆ ಸರಳ, ಆದರೆ ಬೇಸರದ್ದು. ಹಸುವಿನ ಕತ್ತಿನ ಕೂದಲು ಕತ್ತರಿಸಿ, ಚರ್ಮದ ದಪ್ಪ ಅಳೆದು, ಟ್ಯುಬರ್ಕ್ಯುಲಿನ್ ಎಂಬ ಕ್ಷಯ ರೋಗಾಣುವಿನ ಸಾರ ಚುಚ್ಚಬೇಕು. ಮೂರು ದಿನ ಬಿಟ್ಟು ಹೋಗಿ ಮತ್ತೆ ಅಳೆಯಬೇಕು. ಊದಿಕೊಂಡಿದ್ದರೆ ಹಸು ಮಂದೆಯಿಂದ ಹೊರಗೆ. ಆಲ್ಫ್ ವೈಟ್ ಯುದ್ಧದ ವರ್ಷಗಳಲ್ಲಿ ಡೇಲ್ಸ್‌ನ ಗುಡ್ಡಗಳಲ್ಲಿ ಸಾವಿರಾರು ದನಗಳಿಗೆ ಇದನ್ನು ಮಾಡಿದರು. 1941ರ ನವೆಂಬರ್‌ನಲ್ಲಿ ಮದುವೆಯಾಗಿ ಕಾರ್ಪರ್ಬಿ ಎಂಬ ಹಳ್ಳಿಗೆ ಹನಿಮೂನ್‌ಗೆ ಹೋದಾಗಲೂ ಇದೇ ಕೆಲಸ. ಹೊಸ ಹೆಂಡತಿ ಜೋನ್ ಅಂಕಿ ಬರೆದುಕೊಳ್ಳುತ್ತಿದ್ದರಂತೆ. ಪಶುವೈದ್ಯರ ಹೆಂಡತಿಯರು ಇದನ್ನು ಓದಿದರೆ ಆಶ್ಚರ್ಯಪಡಲಾರರು.

ಬೆಚ್ಚಗಿನ ಕಥೆಗಳು ಹೊರಗೆ ಬಿಡುವ ಒಂದು ಸಂಗತಿ ಇದೆ. ಯುದ್ಧ ಘೋಷಣೆಯಾದ 1939ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಜನ ತಮ್ಮ ನಾಯಿಬೆಕ್ಕುಗಳನ್ನು ತಾವೇ ಕೊಂಡೊಯ್ದು ಸಾಯಿಸಿದರು. ಲಂಡನ್ನಿನಲ್ಲಿ ಒಂದೇ ವಾರದಲ್ಲಿ ಸುಮಾರು 4 ಲಕ್ಷ ಅನ್ನುವ ಅಂದಾಜಿದೆ. ಸರ್ಕಾರ ಆಜ್ಞೆ ಮಾಡಿರಲಿಲ್ಲ. ಹಳ್ಳಿಗೆ ಕಳಿಸಲು ಆಗದಿದ್ದರೆ ಸಾಯಿಸುವುದೇ ದಯೆ ಅಂತ ಒಂದು ಕರಪತ್ರ ಹಂಚಿದ್ದರು, ಅಷ್ಟೇ. ಬಾಂಬ್ ಬೀಳುವ ಮೊದಲೇ ಭಯ ಆ ಕೆಲಸ ಮಾಡಿಸಿತು. ಆರೋಗ್ಯವಾಗಿರುವ ನಾಯಿಗೆ ಇಂಜೆಕ್ಷನ್ ಹಾಕಿ ಅಂತ ಕೇಳಿಸಿಕೊಂಡ ಯಾವ ಪಶುವೈದ್ಯನಿಗಾದರೂ ಆ ವಾರ ಹೇಗಿದ್ದಿರಬಹುದು ಅಂತ ಗೊತ್ತು. ಸರಣಿಯ ಶ್ರೀಮಂತೆ ಮಿಸೆಸ್ ಪಂಫ್ರಿಯ ಮುದ್ದಿನ ನಾಯಿ ಟ್ರಿಕಿ ವೂ ಕೇಕ್ ತಿಂದು ಬೊಜ್ಜು ಬೆಳೆಸಿಕೊಂಡದ್ದನ್ನು ನೋಡಿ ನಗುವಾಗ ನನಗೆ ಇದು ನೆನಪಾಗುತ್ತದೆ. 1940ರ ಆಗಸ್ಟ್‌ನಿಂದ ಆಹಾರ ಪೋಲು ಮಾಡುವುದೇ ಅಪರಾಧವಾಗಿತ್ತು.

ಟ್ರಿಸ್ಟನ್ ಸೈನ್ಯಕ್ಕೆ ಹೋಗುವುದೂ ಸುಮ್ನೆ ಕಟ್ಟಿದ್ದಲ್ಲ. ಆ ಪಾತ್ರದ ಮೂಲ ಬ್ರಯಾನ್ ಸಿಂಕ್ಲೇರ್ ಸೇನೆಯ ಪಶುವೈದ್ಯ ದಳ ಸೇರಿ ಭಾರತಕ್ಕೆ ಬಂದವರು. ಆ ದಳದ ಕೆಲಸ ಬಹುಪಾಲು ಹೇಸರಗತ್ತೆಗಳದ್ದು. ಬರ್ಮಾದ ಕಾಡಿಗೆ ನುಗ್ಗಿದ ಬ್ರಿಟಿಷರ ಚಿಂಡಿಟ್ ಪಡೆಯ ಹೇಸರಗತ್ತೆಗಳು ಅರಚಿ ಜಪಾನಿಯರಿಗೆ ಸುಳಿವು ಕೊಡಬಾರದು ಅಂತ ಅವುಗಳ ಧ್ವನಿತಂತುಗಳನ್ನೇ ಕತ್ತರಿಸುತ್ತಿದ್ದರು. ಭಾನುವಾರ ಸಂಜೆ ಟೀ ಕುಡಿಯುತ್ತ ನೋಡುವ ಸರಣಿಯಲ್ಲಿ ಇದಕ್ಕೆ ಜಾಗವಿಲ್ಲ, ಇರಬೇಕು ಅಂತಲೂ ನಾನು ಹೇಳುವುದಿಲ್ಲ.

ಸರಣಿ ಬಹಳ ಸರಿಯಾಗಿ ತೋರಿಸುವ ದೃಶ್ಯ ಹೆರಿಗೆಯದು. ಅಂಗಿ ಬಿಚ್ಚಿ, ಸೋಪು ಹಚ್ಚಿ, ಭುಜದವರೆಗೆ ಕೈ ಒಳಗೆ. 1978ರ ಹಳೆಯ ಬಿಬಿಸಿ ಸರಣಿಯ ನಟ ಕ್ರಿಸ್ಟೊಫರ್ ತಿಮೊಥಿ ನಿಜವಾದ ಹಸುವಿನೊಳಗೇ ಕೈ ಹಾಕಿದ್ದರು. ಈಗ ಅಂಥ ದೃಶ್ಯಕ್ಕೆ ಕೃತಕ ಹಸು ಮಾಡಿಸುತ್ತಾರೆ, ಒಳ್ಳೆಯದೇ. ಆ ಕಾಲದಲ್ಲಿ ಉದ್ದ ಗ್ಲೌಸ್ ಇರಲಿಲ್ಲ. ಡಾಕ್ಟರಿಗೆ ಕಂದು ರೋಗ ಅಂಟುತ್ತಿದ್ದದ್ದು ಹೀಗೇ.

ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್. ಗಬ್ಬದ ಹಸು ಆರೇಳು ತಿಂಗಳಿಗೆ ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಆ ಕಂದು, ಕಸ (ಮಾಸು), ನೀರು ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಗಾಯದ ಮೂಲಕ, ಹಸಿ ಹಾಲಿನ ಮೂಲಕ ಮನುಷ್ಯನಿಗೂ ಬರುತ್ತದೆ. ಬಂದು ಹೋಗಿ ಮತ್ತೆ ಬರುವ ಜ್ವರ, ರಾತ್ರಿ ಬೆವರು, ಸೊಂಟ ಕೀಲುಗಳಲ್ಲಿ ನೋವು. ಸರಣಿಯಲ್ಲಿ ವಿನಾಯಿತಿ ಇದ್ದರೂ ತಾನಾಗಿ ವಾಯುಪಡೆ ಸೇರಿದ ಜೇಮ್ಸ್ ಬೀಳುವುದೂ ಇದೇ ರೋಗದಿಂದ. ನಿಜವಾದ ವೈಟ್ ವಾಯುಪಡೆಯಿಂದ 1943ರಲ್ಲಿ ಮರಳಿದ್ದಕ್ಕೆ ಬೇರೆ ಶಸ್ತ್ರಚಿಕಿತ್ಸೆ ಕಾರಣ. ಆದರೂ ಬರಹಗಾರರು ಆರಿಸಿಕೊಂಡ ರೋಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಳ್ಳಿಯ ಪಶುವೈದ್ಯನನ್ನು ಬೀಳಿಸಲು ಬಾಂಬ್ ಬೇಕಿಲ್ಲ.

ಇದರ ಲಸಿಕೆಯ ಹೆಸರು ಎಸ್19. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜೆರ್ಸಿ ಹಸುವಿನ ಹಾಲಿನಿಂದ ಈ ರೋಗಾಣು ತೆಗೆದರು. ಲ್ಯಾಬಿನಲ್ಲಿ ವರ್ಷಕ್ಕೂ ಜಾಸ್ತಿ ಹಾಗೇ ಬಿದ್ದಿದ್ದ ಅದು ತಾನಾಗಿ ಸೊರಗಿತ್ತು. ಅದರಿಂದ ಆದ ಲಸಿಕೆ 1940ರ ದಶಕದಲ್ಲಿ ಬ್ರಿಟನ್ನಿನ ಕರುಗಳಿಗೆ ಬಂತು. ಇವತ್ತು ನಮ್ಮ ಹಳ್ಳಿಗಳಲ್ಲಿ ಹಾಕುತ್ತಿರುವುದೂ ಅದೇ ಎಸ್19. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜನ್ಮಕ್ಕೆ ಒಂದೇ ಸಲ. ಗಂಡು ಕರುವಿಗೆ ಹಾಕುವಂತಿಲ್ಲ. ಇದು ಜೀವಂತ ಲಸಿಕೆ. ಸೂಜಿ ಬೆರಳಿಗೆ ಚುಚ್ಚಿದರೆ, ಕಣ್ಣಿಗೆ ಹನಿ ಹಾರಿದರೆ ಹಾಕುವವನಿಗೇ ರೋಗ. ಆರು ವಾರ ಮಾತ್ರೆ ನುಂಗಬೇಕು.

ಹಾಗಾಗಿ ಲಸಿಕೆಯವರು ಮನೆಗೆ ಬಂದಾಗ ಕರುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಎತ್ತಬೇಡಿ, ನಾಯಿಗೆ ಎಸೆಯಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ, ಆಮೇಲೆ ನಮಗೆ ಫೋನ್ ಮಾಡಿ. ಕಸ ಬಿದ್ದಿಲ್ಲ ಅಂತ ಕರೆದ ಮನೆಯಲ್ಲಿ ಡಾಕ್ಟರು ಗ್ಲೌಸ್ ಹಾಕಿಕೊಳ್ಳಲು ಎರಡು ನಿಮಿಷ ತೆಗೆದುಕೊಂಡರೆ 'ಏನ್ ಡಾಕ್ಟ್ರೇ, ಅಸಹ್ಯನಾ?' ಅಂತ ಕೇಳಬೇಡಿ.