ಬೇಲಿಂಗ್ ಯಂತ್ರ ಆಮೇಲೆ, ಗಲ್ಲಾ ಮೊದಲು

ಚಿಂದಿ ಆಯುವವರ ಸಹಕಾರ ಸಂಘ ಕಟ್ಟಹೊರಟವರು ಬೈಲಾ, ನೋಂದಣಿ, ಗುರುತಿನ ಚೀಟಿ, ಕೈಗವಸು ಎಲ್ಲ ಹೊಂದಿಸಿರುತ್ತಾರೆ. ದಾನಿಗಳ ದುಡ್ಡಲ್ಲಿ, ಮಾಲನ್ನು ಒತ್ತಿ ಗಟ್ಟಿ ಕಟ್ಟು ಮಾಡುವ ಬೇಲಿಂಗ್ ಯಂತ್ರವೂ ಬಂದಿರುತ್ತದೆ. ಸಂಜೆ ಚೀಲ ಇಳಿಸಿದವರಿಗೆ ಹಣ ಯಾವಾಗ ಎಂದು ಕೇಳಿದರೆ ಮಾತ್ರ, “ಮಾಲು ಮಾರಿದ ಮೇಲೆ” ಎನ್ನುತ್ತಾರೆ. ಎಷ್ಟು ಸಲ ಹೇಳಬೇಕೋ!

ಗುಜರಿಯವನು ತೂಕದಲ್ಲಿ ಹೊಡೆಯುತ್ತಾನೆ, ದರದಲ್ಲೂ ಹೊಡೆಯುತ್ತಾನೆ. ಆದರೆ ನಿಂತ ಕಾಲಲ್ಲೇ ಹಣ ಎಣಿಸುತ್ತಾನೆ. ಮಗುವಿಗೆ ಜ್ವರವೆಂದರೆ ಮುಂಗಡವನ್ನೂ ಕೊಡುತ್ತಾನೆ. ಅಂದಿನ ಅಕ್ಕಿ ಅಂದೇ ತರಬೇಕಾದವರು ಹೆಚ್ಚಿನ ದರಕ್ಕಾಗಿ ತಿಂಗಳು ಕಾಯಲಾರರು. ಒಳ್ಳೆಯ ಮಾಲನ್ನು ಅವನಿಗೆ ಹಾಕಿ, ಉಳಿದದ್ದನ್ನು ಸಂಘಕ್ಕೆ ತರುತ್ತಾರೆ. ಅದು ದ್ರೋಹವಲ್ಲ, ಹೊಟ್ಟೆಪಾಡು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 500 ಕಿಲೋ ಪೆಟ್ ಬಾಟಲಿ (ನೀರು, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ) ಬರುತ್ತದೆ, ಮರುಬಳಕೆ ಕಾರ್ಖಾನೆಗೆ 10 ಟನ್ನಿನ ಲೋಡ್ ಬೇಕು ಎಂದುಕೊಳ್ಳೋಣ. ಲೋಡ್ ತುಂಬಲು 20 ದಿನ, ಸಾಗಣೆ ಮತ್ತು ತಪಾಸಣೆಗೆ 3, ಬಿಲ್ ಪಾವತಿಗೆ 30. ಒಟ್ಟು 53 ದಿನ, ಅಂದರೆ 26.5 ಟನ್ನಿನ ಖರೀದಿ ಹಣ ಗಲ್ಲಾದಲ್ಲಿ ಇರಲೇಬೇಕು. ನಿಮ್ಮಲ್ಲಿ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. “ಮೊದಲ ಲೋಡಿನ ದುಡ್ಡು ಬಂದರೆ ಸರಿಹೋಗುತ್ತದಲ್ಲ?” ಇಲ್ಲ. ಅದು ಬರುವಷ್ಟರಲ್ಲಿ ಎರಡನೆಯದು ಕಾರ್ಖಾನೆ ಸೇರಿರುತ್ತದೆ, ಮೂರನೆಯದು ಅಂಗಳದಲ್ಲಿ ತುಂಬುತ್ತಿರುತ್ತದೆ. ಪುಸ್ತಕದಲ್ಲಿ ಲಾಭವಿದ್ದೂ ಕೈ ಖಾಲಿ.

ಲೋಡ್ ವಾಪಸಾದರಂತೂ 53 ದಿನವೂ ಸಾಲದು. ಅದಕ್ಕೊಂದು ದೊಡ್ಡ ಕಾರಣ, ಪೆಟ್ ನಡುವೆ ನುಸುಳುವ ಪಿವಿಸಿ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್. ತೊಳೆಯುವ ತೊಟ್ಟಿಯಲ್ಲಿ ಬಾಟಲಿಯ ಮುಚ್ಚಳ ತೇಲುತ್ತದೆ, ಪೆಟ್, ಪಿವಿಸಿ ಎರಡೂ ಮುಳುಗುತ್ತವೆ. ನೀರು ಇವನ್ನು ಬೇರ್ಪಡಿಸದು. ಪೆಟ್ ಕರಗಿಸುವ ಬಿಸಿಗೆ ಪಿವಿಸಿ ಒಡೆದು ಆಮ್ಲದ ಹೊಗೆ ಬಿಡುತ್ತದೆ, ಇಡೀ ಮಾಲು ಕೆಡುತ್ತದೆ. ಕೈಯಲ್ಲೇ ಹಿಡಿಯಬೇಕು: ಪೆಟ್ ಬಾಟಲಿಯ ತಳದ ನಡುವೆ ಸಣ್ಣ ಗುಬುಟು, ಪಿವಿಸಿಯ ತಳದಲ್ಲಿ ಉದ್ದ ಗೆರೆ, ಪಿವಿಸಿಯನ್ನು ಮಡಚಿದರೆ ಬಿಳಿ ಮಡಿಕೆ ಉಳಿಯುತ್ತದೆ. ವಿಂಗಡಿಸುವ ಹೆಂಗಸರಿಗೆ ಇದು ಗೊತ್ತು, ಯಂತ್ರ ಕೊಡಿಸುವವರಿಗೆ ಗೊತ್ತಿರುವುದಿಲ್ಲ.

ಸಾಮಾನ್ಯವಾಗಿ ನಾವು ಹೇಳುವುದಿಷ್ಟು: ಸದಸ್ಯರೆದುರೇ ತೂಗಿ, ಗುಜರಿಯ ದರವನ್ನು ಅಂದೇ ನಗದಾಗಿ ಕೊಡಿ. ಅದಕ್ಕಿಂತ ಹೆಚ್ಚಿಗೆ ಸಿಕ್ಕಿದ್ದರಲ್ಲಿ ಖರ್ಚು, ಮೀಸಲು ನಿಧಿ ಕಳೆದು, ಹಾಕಿದ ಮಾಲಿನ ಪ್ರಮಾಣದಲ್ಲಿ ಬೋನಸ್ ಹಂಚಿ. ಗುಜರಿಯವನ ಹಳೆಯ ಮುಂಗಡ ತೀರಿಸಲು ಬೇರೆಯೇ ಸಾಲನಿಧಿ ಇರಲಿ. ಖರೀದಿ ಹಣಕ್ಕೆ ಕೈ ಹಾಕಬೇಡಿ. ಮನೆಮನೆ ಸಂಗ್ರಹದ ಶುಲ್ಕ ಸಿಕ್ಕರೆ ಇನ್ನೂ ಒಳ್ಳೆಯದು. ಪುಣೆಯ ‘ಸ್ವಚ್ಛ್’ ಸಹಕಾರಿಯ ಸದಸ್ಯರಿಗೆ ಆ ಶುಲ್ಕವೂ ಉಂಟು, ಗುಜರಿ ಮಾರಿದ ಹಣವೂ ಉಂಟು.

ಬೇಲಿಂಗ್ ಯಂತ್ರ? ಎರಡು ಲೋಡ್ ಹಣ ಬರುವುದು ಬಾಕಿಯಿದ್ದೂ ಸಂಜೆಯ ಪಾವತಿ ಒಂದು ದಿನವೂ ತಪ್ಪದಿದ್ದರೆ ಆಗ ಕೇಳಿ.