ಓದುಗರ ಪ್ರಶ್ನೆ: ನಕಲು ಗುಹೆ ನೋಡೋಕೆ ದುಡ್ಡು ಕೊಡಬೇಕಾ?

ಪ್ರಶ್ನೆ: ಫ್ರಾನ್ಸಿನ ಬಂದರು ಊರು ಮಾರ್ಸೆಯ್‌ಗೆ ಹೋಗ್ತಿದ್ದೇವೆ. ಹಿಮಯುಗದ ಜನ ಗೋಡೆ ಮೇಲೆ ಚಿತ್ರ ಬರೆದಿರುವ ಕಾಸ್ಕೆ ಗುಹೆ ನೋಡಲೇಬೇಕು ಅಂತಾರೆ. ಆದರೆ ಅಲ್ಲಿರೋದು ಅಸಲಿ ಅಲ್ಲವಂತೆ. ಟಿಕೆಟ್ ದುಡ್ಡು ದಂಡ ಅಲ್ವಾ?

ಉತ್ತರ: ಖಂಡಿತ ದಂಡ ಅಲ್ಲ. ಅಸಲಿ ಗುಹೆಗೆ ನಾವ್ಯಾರೂ ಹೋಗೋಕೆ ಆಗಲ್ಲ. ಊರಿನ ಆಚೆ ಇರುವ ಸುಣ್ಣಕಲ್ಲಿನ ಬಂಡೆಗಳ ಬುಡದಲ್ಲಿ, ನೀರಿನಿಂದ 37 ಮೀಟರ್ ಕೆಳಗೆ ಅದರ ಬಾಯಿ ಇದೆ. ಅಲ್ಲಿಂದ ಕತ್ತಲ ಸುರಂಗದೊಳಗೆ ನೂರು ಮೀಟರಿಗೂ ಜಾಸ್ತಿ ಈಜಬೇಕು. ಆನ್ರಿ ಕಾಸ್ಕೆ ಎಂಬ ಡೈವರ್ 1985ರಲ್ಲಿ ಇದನ್ನು ಕಂಡುಹಿಡಿದರು. 1991ರಲ್ಲಿ ಮೂವರು ಡೈವರ್‌ಗಳು ಆ ಸುರಂಗದಲ್ಲೇ ಪ್ರಾಣ ಬಿಟ್ಟರು. ಆಮೇಲೆ ಬಾಯಿ ಮುಚ್ಚಿಸಿದರು. ಈಗ ಸಂಶೋಧಕರಿಗೆ ಮಾತ್ರ ಬಿಡುತ್ತಾರೆ.

ನೀರಿನಡಿ ಹೋಗಿ ಚಿತ್ರ ಬರೆದವರು ಯಾರು ಅಂತ ಅನ್ನಿಸಬಹುದು. ಹಿಮಯುಗದಲ್ಲಿ ಕಡಲು ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ದಡ ಎಷ್ಟೋ ಕಿಲೋಮೀಟರ್ ದೂರವಿತ್ತು. ಜನ ನಡೆದೇ ಒಳಗೆ ಹೋಗುತ್ತಿದ್ದರು. ಹಿಮ ಕರಗಿದಾಗ ಗುಹೆಯ ಬಹುಪಾಲು ಮುಳುಗಿಹೋಯಿತು. ಮೇಲಿದ್ದ ಚಿತ್ರಗಳಷ್ಟೇ ಉಳಿದವು. ಕಡಲು ಈಗಲೂ ಏರುತ್ತಿದೆ. ಗೋಡೆ ಮೇಲಿನ ಕುದುರೆಗಳಿಗೂ ನೀರು ತಾಗುತ್ತಿದೆ. ಅವು ಅಳಿಸಿಹೋಗುವ ಮೊದಲೇ ಇಡೀ ಗುಹೆಯನ್ನು 3ಡಿ ಸ್ಕ್ಯಾನ್ ಮಾಡಿ, ಆ ಅಳತೆ ಹಿಡಿದು ಊರಲ್ಲಿ ಕಟ್ಟಿದ ಪ್ರತಿರೂಪವನ್ನೇ ನೀವು ನೋಡೋದು. 2022ರ ಜೂನ್‌ನಲ್ಲಿ ಬಾಗಿಲು ತೆರೆಯಿತು.

ಆರು ಜನ ಕೂರುವ ದುಂಡನೆಯ ಗಾಡಿಯಲ್ಲಿ ಸುಮಾರು 35 ನಿಮಿಷದ ಸುತ್ತು. ಗಾಡಿ ನಿಮಗಾಗಿ ನಿಲ್ಲುವುದಿಲ್ಲ, ಹಾಗಾಗಿ ಎರಡನ್ನು ಮರೆಯದೆ ನೋಡಿ. ಒಂದು, ಪೆಂಗ್ವಿನ್ ತರಹ ಕಾಣುವ ಹಕ್ಕಿಗಳು. ಇವು ಹಾರಲಾರದ ಗ್ರೇಟ್ ಆಕ್. 19ನೇ ಶತಮಾನದಲ್ಲಿ ಮನುಷ್ಯರು ಬೇಟೆಯಾಡಿ ಇವನ್ನು ನಿರ್ನಾಮ ಮಾಡಿಬಿಟ್ಟರು. ಇನ್ನೊಂದು, ಕೈ ಗುರುತುಗಳು. ಸುಮಾರು 27,000 ವರ್ಷ ಹಳೆಯವು. ಗೋಡೆಗೆ ಅಂಗೈ ಒತ್ತಿ, ಸುತ್ತ ಬಣ್ಣ ಊದಿದ್ದಾರೆ. ಕೆಲವು ಬೆರಳು ಮೊಂಡಾಗಿವೆ. ಮಡಚಿದ್ದರೋ, ಕಡಿದಿದ್ದರೋ, ಚರ್ಚೆ ಇನ್ನೂ ಮುಗಿದಿಲ್ಲ. ನಕಲು ಅಂತ ಗೊತ್ತಿದ್ದರೂ ಆ ಕೈಗಳ ಮುಂದೆ ಮಾತು ನಿಂತುಹೋಗುತ್ತೆ. ಮಕ್ಕಳಿದ್ದರೆ ಮೇಲಿನ ಮಹಡಿಗೂ ಕರಕೊಂಡು ಹೋಗಿ. ಆ ಕಾಲದ ಪ್ರಾಣಿಗಳ ನಿಜಗಾತ್ರದ ಮಾದರಿಗಳಿವೆ.

ಪಕ್ಕದಲ್ಲೇ ಯುರೋಪ್ ಮತ್ತು ಮೆಡಿಟರೇನಿಯನ್ ನಾಗರಿಕತೆಗಳ ಮ್ಯೂಸಿಯಂ ಇದೆ, ಹೆಸರು ಮ್ಯೂಸೆಮ್. ಹೊರಗೆಲ್ಲ ಕಾಂಕ್ರೀಟಿನ ಬಲೆ ಹೊದ್ದ ಕಟ್ಟಡ, 2013ರದ್ದು. ಒಳಗಿನ ಪ್ರದರ್ಶನಕ್ಕೆ ಟಿಕೆಟ್ ಬೇಕು. ತಾರಸಿ, ಅಲ್ಲಿಂದ ಸೇತುವೆ ದಾಟಿದರೆ ಸಿಗುವ ಕೋಟೆ, ಅದರ ತೋಟ ಎಲ್ಲ ಪುಕ್ಕಟೆ. ಸಂಜೆಗೆ ಅಷ್ಟೇ ಸಾಕು. ಗುಹೆಯ ಟಿಕೆಟ್‌ನಲ್ಲಿ ಒಳಹೋಗುವ ಸಮಯ ನಮೂದಾಗಿರುತ್ತೆ. ರಜೆ ದಿನಗಳಲ್ಲಾದರೆ ಆನ್‌ಲೈನಲ್ಲಿ ಮೊದಲೇ ತಗೊಳ್ಳಿ.