ಕೆಸಿಎನ್‌ಕ್ಯೂ1: ಎದೆಬಡಿತಕ್ಕೂ ಕಿವಿಗೂ ಬೇಕಾದ ಒಂದೇ ಜೀನ್

ನಮ್ಮ 11ನೇ ವರ್ಣತಂತುವಿನ ಗಿಡ್ಡ ತೋಳಿನ ತುದಿಯಲ್ಲಿ ಕೆಸಿಎನ್‌ಕ್ಯೂ1 ಎಂಬ ಜೀನ್ ಇದೆ. ಉದ್ದ ಸುಮಾರು 4 ಲಕ್ಷ ಡಿಎನ್ಎ ಅಕ್ಷರ. ಅದರಲ್ಲಿ ಪ್ರೋಟೀನ್ ಕಟ್ಟಲು ಬಳಕೆಯಾಗುವುದು 2,000ಕ್ಕೆ ತುಸು ಹೆಚ್ಚು ಅಕ್ಷರಗಳು, ಅಷ್ಟರಿಂದ 676 ಅಮೈನೋ ಆಮ್ಲಗಳ ಒಂದು ಪ್ರೋಟೀನ್ ತಯಾರಾಗುತ್ತದೆ. ಅಂಥ ನಾಲ್ಕು ಪ್ರೋಟೀನುಗಳು ಜೀವಕೋಶದ ಪೊರೆಯಲ್ಲಿ ಸುತ್ತುಗಟ್ಟಿ ಕೂತಾಗ ನಡುವೆ ಪೊಟ್ಯಾಸಿಯಂ ಮಾತ್ರ ಹಾಯುವ ಒಂದು ಚಾನೆಲ್ ಆಗುತ್ತದೆ. ಹೆಸರಿನಲ್ಲಿರುವ ಕೆ ಪೊಟ್ಯಾಸಿಯಂನ ರಾಸಾಯನಿಕ ಸಂಕೇತ, ಸಿಎನ್ ಅಂದರೆ ಚಾನೆಲ್, ಕ್ಯೂ ಅದರ ಉಪಕುಟುಂಬ, 1 ಕ್ರಮಸಂಖ್ಯೆ. 1996ರಲ್ಲಿ ಮೊದಲು ಪತ್ತೆಯಾದಾಗ ಇದನ್ನು ಕೆವಿಎಲ್‌ಕ್ಯೂಟಿ1 ಎಂದು ಕರೆದಿದ್ದರು. ಹಳೆಯ ಲೇಖನಗಳಲ್ಲಿ ಆ ಹೆಸರು ಕಂಡರೆ ಅದೂ ಇದೇ ಜೀನ್.

ಪೊಟ್ಯಾಸಿಯಂ ಚಾನೆಲ್‌ಗಳ ಜೀನುಗಳು ಮನುಷ್ಯರಲ್ಲಿ ಎಪ್ಪತ್ತಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಮೊದಲು ಪರಿಚಯ ಆಗಬೇಕಾದದ್ದು ಇದು ಎಂಬುದು ನಮ್ಮ ಅಭಿಪ್ರಾಯ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಲ್ಲಿ ಇವತ್ತಿಗೂ ನಡೆದಿದೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳು ಊರೂರಿಗೆ ಇದ್ದಾರೆ. ಬೇಸಿಗೆ ಬಂತೆಂದರೆ ಹುಡುಗರು ತುಂಗಭದ್ರೆಯ ಕಾಲುವೆಗೆ ಜಿಗಿಯುತ್ತಾರೆ. ಈ ಮೂರೂ ಈ ಜೀನಿನ ಹತ್ತಿರ ಬಂದು ಸೇರುವ ಪ್ರಸಂಗಗಳಿವೆ.

ಮೊದಲು ಚಾನೆಲ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಜೀವಕೋಶದ ಒಳಗೆ ಒಂದು ಲೀಟರಿಗೆ ಸುಮಾರು 140 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಹೊರಗೆ, ರಕ್ತದಲ್ಲಿ, ಬರೀ 3.5ರಿಂದ 5. ಸೀರಂ ಎಲೆಕ್ಟ್ರೋಲೈಟ್ಸ್ ರಿಪೋರ್ಟಿನಲ್ಲಿ ಕಾಣುವುದು ಈ ಎರಡನೇ ಅಂಕಿ. ಒಳಗೆ ಇಷ್ಟು ತುಂಬಿಕೊಂಡಿರುವಾಗ ದಾರಿ ಸಿಕ್ಕರೆ ಪೊಟ್ಯಾಸಿಯಂ ಹೊರಕ್ಕೆ ನುಗ್ಗುತ್ತದೆ. ಕಾಲುವೆಯ ತೂಬಿನ ಹಾಗೆ ಚಾನೆಲ್ಲಿಗೂ ಒಂದು ಬಾಗಿಲಿದೆ, ಅದನ್ನು ಎತ್ತುವುದು ವಿದ್ಯುತ್ ಒತ್ತಡ, ಅಂದರೆ ವೋಲ್ಟೇಜ್. ಪ್ರತಿ ಪ್ರೋಟೀನು ಪೊರೆಯನ್ನು ಆರು ಸಲ ದಾಟುತ್ತದೆ. ನಾಲ್ಕನೇ ದಾಟಿನಲ್ಲಿ ಧನ ವಿದ್ಯುದಂಶವುಳ್ಳ ಅಮೈನೋ ಆಮ್ಲಗಳು ಸಾಲಾಗಿವೆ. ಕೋಶದ ಒಳಗಿನ ಒತ್ತಡ ಏರಿದಾಗ ಆ ಭಾಗ ಮೇಲಕ್ಕೆ ಸರಿದು ಬಾಗಿಲನ್ನು ತೆರೆಯುತ್ತದೆ.

ಬಾಗಿಲು ತೆರೆದಾಗ ಸೋಡಿಯಂ ಯಾಕೆ ನುಸುಳುವುದಿಲ್ಲ? ಅದು ಪೊಟ್ಯಾಸಿಯಂಗಿಂತ ಚಿಕ್ಕದು, ಹಾಯಲು ಇನ್ನೂ ಸುಲಭ ಆಗಬೇಕಿತ್ತು ಅನ್ನಿಸುತ್ತದೆ. ಗುಟ್ಟು ಇರುವುದು ಚಾನೆಲ್ಲಿನ ಕಿರಿದಾದ ಜಾಗದಲ್ಲಿ. ಅಲ್ಲಿ ಗ್ಲೈಸಿನ್, ಟೈರೋಸಿನ್, ಗ್ಲೈಸಿನ್ ಎಂಬ ಅಮೈನೋ ಆಮ್ಲಗಳ ಸಾಲಿದೆ. ಅವುಗಳ ಆಮ್ಲಜನಕದ ಪರಮಾಣುಗಳು ಒಳಮುಖವಾಗಿ ನಿಂತಿವೆ. ನೀರಿನಲ್ಲಿರುವಾಗ ಪೊಟ್ಯಾಸಿಯಂ ತನ್ನ ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡಿರುತ್ತದೆ. ಈ ಕಿರಿದಾದ ಜಾಗಕ್ಕೆ ಬಂದಾಗ ಆ ನೀರನ್ನು ಬಿಟ್ಟು, ಅಷ್ಟೇ ದೂರದಲ್ಲಿ ನಿಂತ ಆಮ್ಲಜನಕಗಳಿಗೆ ಅಂಟಿಕೊಳ್ಳುತ್ತದೆ. ಸೋಡಿಯಂ ಚಿಕ್ಕದಾದ್ದರಿಂದ ಆಮ್ಲಜನಕಗಳು ಅದಕ್ಕೆ ಎಟುಕುವುದಿಲ್ಲ, ನೀರನ್ನು ಬಿಟ್ಟುಬರುವುದು ಅದಕ್ಕೆ ನಷ್ಟದ ವ್ಯವಹಾರ. ಈ ರಚನೆಯನ್ನು 1998ರಲ್ಲಿ ಬ್ಯಾಕ್ಟೀರಿಯಾದ ಒಂದು ಪೊಟ್ಯಾಸಿಯಂ ಚಾನೆಲ್ಲಿನಲ್ಲಿ ತೋರಿಸಿಕೊಟ್ಟವರು ರೊಡೆರಿಕ್ ಮ್ಯಾಕಿನನ್. ಅದಕ್ಕೆ 2003ರ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ಜೀನಿನ ಚಾನೆಲ್ಲಿನಲ್ಲೂ ಅದೇ ಸಾಲು ಇದೆ.

ಹೃದಯದ ಕೆಳಕೋಣೆಯ ಕೋಶ ಸುಮ್ಮನಿರುವಾಗ ಅದರ ಒಳಗೆ ಮೈನಸ್ 90 ಮಿಲಿವೋಲ್ಟ್ ಹತ್ತಿರ ಇರುತ್ತದೆ. ಬಡಿತಕ್ಕೆ ಸೋಡಿಯಂ, ಆಮೇಲೆ ಕ್ಯಾಲ್ಸಿಯಂ ಒಳಕ್ಕೆ ಬಂದು ಒತ್ತಡ ಏರುತ್ತದೆ, ಕೋಶ ಹಿಂಡಿಕೊಳ್ಳುತ್ತದೆ. ಮುಂದಿನ ಬಡಿತಕ್ಕೆ ಸಿದ್ಧವಾಗಬೇಕಾದರೆ ಪೊಟ್ಯಾಸಿಯಂ ಹೊರಗೆ ಹೋಗಿ ಒತ್ತಡ ಇಳಿಯಲೇಬೇಕು. ಈ ಇಳಿಸುವ ಕೆಲಸಕ್ಕೆ ಮುಖ್ಯವಾಗಿ ಎರಡು ಚಾನೆಲ್ಲುಗಳಿವೆ. ಬೇಗ ತೆರೆಯುವುದು ಕೆಸಿಎನ್‌ಎಚ್2 ಎಂಬ ಬೇರೆ ಜೀನಿನದು. ನಿಧಾನ ತೆರೆಯುವುದು ಕೆಸಿಎನ್‌ಕ್ಯೂ1ದು. ಅದನ್ನು ಹಾಗೆ ನಿಧಾನಗೊಳಿಸುವುದು ಜೊತೆಗೆ ಸೇರಿಕೊಳ್ಳುವ ಕೆಸಿಎನ್‌ಇ1 ಎಂಬ ಸಣ್ಣ ಪ್ರೋಟೀನ್.

ಕೂತು ಊಟ ಮಾಡುವಾಗ ಬೇಗ ತೆರೆಯುವ ಚಾನೆಲ್ಲೇ ಹೆಚ್ಚಿನ ಕೆಲಸ ಮುಗಿಸುತ್ತದೆ. ಓಡುವಾಗ, ಈಜುವಾಗ, ಗಾಬರಿಯಾದಾಗ ಅಡ್ರಿನಲಿನ್ ಏರುತ್ತದೆ, ಬಡಿತ ನಿಮಿಷಕ್ಕೆ 150 ದಾಟುತ್ತದೆ. ಆಗ ಎರಡು ಬಡಿತದ ನಡುವೆ ಸಿಗುವುದು 0.4 ಸೆಕೆಂಡಿಗೂ ಕಡಿಮೆ, ಕೋಶ ಅಷ್ಟರೊಳಗೆ ತೆರವಾಗಬೇಕು. ಅಡ್ರಿನಲಿನ್ ಕೆಸಿಎನ್‌ಕ್ಯೂ1 ಚಾನೆಲ್ಲಿಗೆ ಒಂದು ಫಾಸ್ಫೇಟ್ ಗುಂಪನ್ನು ಅಂಟಿಸುವಂತೆ ಮಾಡಿ ಅದರ ಹರಿವನ್ನು ಹೆಚ್ಚಿಸುತ್ತದೆ. ಜೀನ್ ಕೆಟ್ಟಿದ್ದರೆ ಬಡಿತ ಮಾತ್ರ ಏರುತ್ತದೆ, ಇಳಿಸುವ ಹರಿವು ಏರುವುದಿಲ್ಲ. ಹೃದಯದ ವಿದ್ಯುತ್ ಅಲೆ ಬರೆಯುವ ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದರೆ ಕೆಳಕೋಣೆಯ ವಿದ್ಯುತ್ ಒತ್ತಡ ಏರಿ ಮತ್ತೆ ಇಳಿಯುವಷ್ಟು ಹೊತ್ತು, ಉದ್ದವಾಗಿಯೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಒಂದು ಅಡ್ಡಬಡಿತ ಬಿದ್ದರೆ ಹೃದಯ ತಿರುಚಿದಂತೆ ಅದುರತೊಡಗಿ ರಕ್ತ ಹೊರಗೆ ಹೋಗುವುದೇ ನಿಲ್ಲುತ್ತದೆ. ಇದಕ್ಕೆ ಟೊರ್ಸಾಡ್ ಎಂದು ಹೆಸರು. ಅದು ತಾನಾಗಿ ನಿಂತರೆ ಮನುಷ್ಯ ಎದ್ದು ಕೂರುತ್ತಾನೆ. ನಿಲ್ಲದಿದ್ದರೆ ಸಾವು. ಕೆಸಿಎನ್‌ಕ್ಯೂ1 ಕೆಟ್ಟು ಬರುವ ಈ ಕಾಯಿಲೆಗೆ ಲಾಂಗ್ ಕ್ಯೂಟಿ ಮಾದರಿ 1 ಎನ್ನುತ್ತಾರೆ. ಓಟ ಮತ್ತು ಈಜು, ಅದರಲ್ಲೂ ಈಜು, ಇದರ ಗುರುತಿನ ಪ್ರಚೋದನೆ.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿವೆ, ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟರೆ ಅರ್ಧ ಚಾನೆಲ್ಲುಗಳಾದರೂ ಉಳಿಯಬೇಕಲ್ಲವೆ? ತಪ್ಪು ಯಾವ ಬಗೆಯದು ಎಂಬುದರ ಮೇಲೆ ಅದು ನಿಂತಿದೆ. ಕೆಟ್ಟ ಪ್ರತಿ ಪ್ರೋಟೀನನ್ನೇ ಕಟ್ಟದಿದ್ದರೆ ಒಳ್ಳೆಯ ಪ್ರತಿಯಿಂದ ಅರ್ಧದಷ್ಟು ಹರಿವು ಸಿಗುತ್ತದೆ. ಆದರೆ ಒಂದೇ ಅಮೈನೋ ಆಮ್ಲ ಬದಲಾದ ಪ್ರೋಟೀನು ಕಟ್ಟಿಕೊಂಡು ಗುಂಪಿಗೆ ಸೇರಿದರೆ ಲೆಕ್ಕವೇ ಬೇರೆ. ಚಾನೆಲ್ಲಿಗೆ ನಾಲ್ಕು ಪ್ರೋಟೀನು ಬೇಕು, ನಾಲ್ಕೂ ಒಳ್ಳೆಯವೇ ಸಿಗುವ ಸಾಧ್ಯತೆ ಅರ್ಧದ ಅರ್ಧದ ಅರ್ಧದ ಅರ್ಧ, ಅಂದರೆ 16ರಲ್ಲಿ 1. ಒಂದು ಕೆಟ್ಟದ್ದು ಸೇರಿದರೂ ಚಾನೆಲ್ ಹಾಳಾಗುವಂಥ ತಪ್ಪಾಗಿದ್ದರೆ ಉಳಿಯುವ ಹರಿವು ತೀರಾ ಕಡಿಮೆ. ಒಂದೇ ಜೀನಿನ ಒಂದು ತಪ್ಪು ಒಂದು ಮನೆಯಲ್ಲಿ ಸದ್ದಿಲ್ಲದೆ ಕೂತಿರುವುದಕ್ಕೂ ಇನ್ನೊಂದು ತಪ್ಪು ಇನ್ನೊಂದು ಮನೆಯಲ್ಲಿ ಹರೆಯದ ಹುಡುಗನನ್ನು ಬೀಳಿಸುವುದಕ್ಕೂ ಕಾರಣ ಇಲ್ಲಿ ಸಿಗುತ್ತದೆ.

ಇನ್ನು ಕಿವಿ. ಒಳಕಿವಿಯ ಶಂಖದೊಳಗೆ ಎಂಡೋಲಿಂಫ್ ಎಂಬ ದ್ರವ ಇದೆ. ದೇಹದ ಹೊರದ್ರವಗಳಲ್ಲೆಲ್ಲ ಸೋಡಿಯಂ ಜಾಸ್ತಿ ಇದ್ದರೆ ಇದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಲೀಟರಿಗೆ 150 ಮಿಲಿಮೋಲ್ ಹತ್ತಿರ. ಸದ್ದು ಬಂದಾಗ ಕೂದಲುಕೋಶಗಳ ಬಾಯಿ ತೆರೆದು ಈ ಪೊಟ್ಯಾಸಿಯಂ ಒಳಗೆ ಹರಿಯುತ್ತದೆ, ಅದೇ ನರಕ್ಕೆ ಹೋಗುವ ಸುದ್ದಿ. ಆ ದ್ರವಕ್ಕೆ ಪೊಟ್ಯಾಸಿಯಂ ತುಂಬುವುದು ಕೆಸಿಎನ್‌ಕ್ಯೂ1 ಮತ್ತು ಕೆಸಿಎನ್‌ಇ1 ಸೇರಿದ ಚಾನೆಲ್. ಒಂದು ಒಳ್ಳೆಯ ಪ್ರತಿ ಇದ್ದರೂ ಕಿವಿಗೆ ಸಾಕು. ಎರಡೂ ಕೆಟ್ಟಾಗ ದ್ರವ ತುಂಬುವುದಿಲ್ಲ, ಪೊರೆ ಕುಸಿಯುತ್ತದೆ, ಮಗು ಎರಡೂ ಕಿವಿ ಪೂರ್ತಿ ಕೇಳದೆ ಹುಟ್ಟುತ್ತದೆ. ಅದೇ ಮಗುವಿನ ಹೃದಯದಲ್ಲಿ ನಿಧಾನದ ಚಾನೆಲ್ಲೂ ಇರುವುದಿಲ್ಲ.

ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು 1957ರಲ್ಲಿ ಇದನ್ನು ಬರೆದಿಟ್ಟರು. ಆರು ಮಕ್ಕಳ ಒಂದು ಮನೆಯಲ್ಲಿ ನಾಲ್ವರಿಗೆ ಕಿವಿ ಕೇಳುತ್ತಿರಲಿಲ್ಲ, ಪದೇ ಪದೇ ಎಚ್ಚರ ತಪ್ಪುತ್ತಿತ್ತು. ಅವರಲ್ಲಿ ಮೂವರು ಹತ್ತು ವರ್ಷ ತುಂಬುವ ಮೊದಲೇ ಹಠಾತ್ತನೆ ತೀರಿಹೋದರು. ಈ ಕಾಯಿಲೆಯವರಲ್ಲಿ ಸುಮಾರು 90 ಪ್ರತಿಶತ ಜನರ ತೊಂದರೆ ಕೆಸಿಎನ್‌ಕ್ಯೂ1ನಲ್ಲೇ, ಉಳಿದವರದು ಕೆಸಿಎನ್‌ಇ1ನಲ್ಲಿ. ಚಿಕಿತ್ಸೆ ಇಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು 15 ವರ್ಷದೊಳಗೆ ಸಾಯುತ್ತಾರೆ. ಹೊಟ್ಟೆಯಲ್ಲಿ ಆಮ್ಲ ಸುರಿಸುವ ಕೋಶಗಳಿಗೂ ಇದೇ ಚಾನೆಲ್ ಬೇಕಾದ್ದರಿಂದ ಈ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯೂ ಕಾಣಿಸುತ್ತದೆ.

ಸಂಬಂಧದೊಳಗಿನ ಮದುವೆಯ ಲೆಕ್ಕ ಹೀಗೆ. ಅಜ್ಜಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ ಅನ್ನಿ. ಅದು ಮಗನಿಗೆ ಬರುವ ಸಾಧ್ಯತೆ 2ರಲ್ಲಿ 1, ಮಗಳ ಮೂಲಕ ಮೊಮ್ಮಗಳಿಗೆ ಬರುವುದು 4ರಲ್ಲಿ 1. ಆ ಮೊಮ್ಮಗಳನ್ನು ಸೋದರಮಾವ ಮದುವೆಯಾದರೆ ಇಬ್ಬರಲ್ಲೂ ಅದು ಇರುವ ಸಾಧ್ಯತೆ 8ರಲ್ಲಿ 1. ಎರಡೂ ಕೆಟ್ಟ ಪ್ರತಿ ಮಗುವಿಗೆ ಬರುವುದು ಅದರ ಕಾಲು ಭಾಗ, 32ರಲ್ಲಿ 1. ಅತ್ತೆಯ ಮಗ, ಮಾವನ ಮಗಳಾದರೆ 64ರಲ್ಲಿ 1. ಇಬ್ಬರಲ್ಲೂ ಇದೆಯೆಂದು ಗೊತ್ತಾದ ಮೇಲೆ ಪ್ರತಿ ಬಸಿರಿಗೂ 4ರಲ್ಲಿ 1, ಮೊದಲ ಮಗುವಿಗೆ ಬಂದಿದ್ದರೆ ಎರಡನೆಯದಕ್ಕೆ ಕಡಿಮೆಯಾಗುವುದಿಲ್ಲ. ತಾಯಿಯದಾಗಲಿ ಸೊಸೆಯದಾಗಲಿ ಇದರಲ್ಲಿ ತಪ್ಪಿಲ್ಲ. ಪ್ರತಿ ತಲುಪಿಸಿದವರು ಇಬ್ಬರೂ.

ನಮ್ಮ ಭಾಗದಲ್ಲಿ ಇದು ಕೈತಪ್ಪುವುದು ಎಲ್ಲಿ? ಎಚ್ಚರ ತಪ್ಪಿದಾಗ ಮಿದುಳಿಗೆ ರಕ್ತ ನಿಂತು ಕೈಕಾಲು ಜಗ್ಗುತ್ತವೆ, ನೋಡಿದವರು ಫಿಟ್ಸ್ ಬಂತು ಎನ್ನುತ್ತಾರೆ. ಕೈಗೆ ಬೀಗದಕೈ ಕೊಡುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಅಷ್ಟರಲ್ಲಿ ಬಡಿತ ತಾನೇ ಸರಿಹೋಗಿ ಹುಡುಗ ಎದ್ದರೆ ಬೀಗದಕೈಗೆ ಹೆಸರು ಬರುತ್ತದೆ, ಹುಡುಗ ವರ್ಷಗಟ್ಟಲೆ ಫಿಟ್ಸ್ ಗುಳಿಗೆ ನುಂಗುತ್ತಾನೆ. ಚೆನ್ನಾಗಿ ಈಜು ಬಲ್ಲವನು ಕಾಲುವೆಯಲ್ಲಿ ಮುಳುಗಿದರೆ ಸುಳಿಗೆ ಸಿಕ್ಕ ಎಂದು ಬಿಟ್ಟುಬಿಡುತ್ತಾರೆ. ಓಡುವಾಗ, ಈಜುವಾಗ, ಸಿಟ್ಟು ಅಥವಾ ಹೆದರಿಕೆಯಲ್ಲಿ ಬಿದ್ದವರಿಗೆ, ಈಜು ಬಲ್ಲವನ ಸಾವಾದ ಮನೆಯ ಮಕ್ಕಳಿಗೆ, ಹುಟ್ಟಿನಿಂದ ಕಿವಿ ಕೇಳದ ಪ್ರತಿ ಮಗುವಿಗೆ ಒಂದು ಇಸಿಜಿ ಆಗಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಅದು ಆಗುತ್ತದೆ, ಹತ್ತು ನಿಮಿಷದ ಕೆಲಸ. ಕಿವಿ ಕೇಳಿಸಲು ಒಳಕಿವಿಗೆ ಯಂತ್ರ ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಮುಂಚೆಯಂತೂ ಬೇಕೇ ಬೇಕು, ಯಾಕೆಂದರೆ ಅರಿವಳಿಕೆ ಕೊಡುವ ಹೊತ್ತು ಈ ಮಕ್ಕಳಿಗೆ ಅಪಾಯದ್ದು. ಮುಂಜಾಗ್ರತೆಯಿಂದ ಮಾಡಿದರೆ ಇಂಪ್ಲಾಂಟ್ ಅವರಿಗೆ ಒಳ್ಳೆಯ ಫಲ ಕೊಡುತ್ತದೆ, ಕಿವಿಯ ನರ ಕೆಟ್ಟಿರುವುದಿಲ್ಲ.

ಇಸಿಜಿ ಹಾಳೆಯಲ್ಲಿ ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡು, ಹಾಳೆ ಸೆಕೆಂಡಿಗೆ 25 ಮಿಲಿಮೀಟರ್ ಓಡಿದಾಗ. ಕ್ಯೂ ಅಲೆ ಶುರುವಾಗುವಲ್ಲಿಂದ ಟಿ ಅಲೆ ಮುಗಿಯುವವರೆಗೆ ಅಳೆಯಬೇಕು, ಹಾಳೆಯ ಮೇಲೆ ಲೀಡ್ 2 ಅಥವಾ ವಿ5 ಎಂದು ಬರೆದ ಸಾಲಿನಲ್ಲಿ. ಟಿ ಎಲ್ಲಿ ಮುಗಿಯಿತು ಎಂಬುದೇ ಜಗಳ. ಟಿ ಇಳಿಯುವ ಅತಿ ಕಡಿದಾದ ಜಾಗಕ್ಕೆ ಗೆರೆ ಎಳೆದು ಅದು ತಳರೇಖೆಗೆ ಸೇರುವ ಬಿಂದುವನ್ನು ಹಿಡಿಯಬೇಕು. ಮಾದರಿ 1ರಲ್ಲಿ ಟಿ ಅಲೆಯ ಬುಡ ಅಗಲವಾಗಿರುತ್ತದೆ, ಯಂತ್ರ ಅಚ್ಚುಹಾಕಿದ ಅಂಕಿಯನ್ನೇ ನಂಬಿ ಕೂರಬಾರದು. ಕ್ಯೂಟಿ 10 ಸಣ್ಣ ಚೌಕ ಬಂತೆನ್ನಿ, 400 ಮಿಲಿಸೆಕೆಂಡು. ನೋಡಲು ಸರಿಯಾಗಿಯೇ ಇದೆ. ಎರಡು ಬಡಿತದ ನಡುವಿನ ಅಂತರ 16 ಚೌಕ, 0.64 ಸೆಕೆಂಡು. ಅದರ ವರ್ಗಮೂಲ 0.8. 400ನ್ನು 0.8ರಿಂದ ಭಾಗಿಸಿದರೆ 500. ಬಡಿತಕ್ಕೆ ಹೊಂದಿಸಿದ ಈ ಅಂಕಿಗೆ ಕ್ಯೂಟಿಸಿ ಎನ್ನುತ್ತಾರೆ. ಗಂಡಸರಲ್ಲಿ 450, ಹೆಂಗಸರಲ್ಲಿ 460 ದಾಟಿದರೆ ಗಮನಿಸಬೇಕು, 500 ಮುಟ್ಟಿದರೆ ಅಪಾಯ ದೊಡ್ಡದು. ಕೆಟ್ಟ ಪ್ರತಿ ಹೊತ್ತವರಲ್ಲಿ ಸುಮಾರು ಕಾಲು ಭಾಗ ಜನರ ಇಸಿಜಿ ಸರಿಯಾಗಿಯೇ ಕಾಣುತ್ತದೆ. ಅನುಮಾನ ಉಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿ, ಓಟ ನಿಲ್ಲಿಸಿದ 4ನೇ ನಿಮಿಷದ ಕ್ಯೂಟಿಸಿಯನ್ನು ನೋಡುತ್ತಾರೆ.

ಚಿಕಿತ್ಸೆಯ ಬುಡ ಬೀಟಾ ಬ್ಲಾಕರ್ ಗುಳಿಗೆ, ಪ್ರೊಪ್ರನೊಲಾಲ್ ಅಥವಾ ನ್ಯಾಡೊಲಾಲ್. ಅಡ್ರಿನಲಿನ್ ಹೃದಯಕ್ಕೆ ಒದೆಯುವುದನ್ನು ಇದು ತಡೆಯುತ್ತದೆ. ಪ್ರಮಾಣ ತೂಕದ ಮೇಲೆ, ಹೃದಯತಜ್ಞರೇ ಬರೆಯಬೇಕು, ಮಗು ಬೆಳೆದಂತೆ ಏರಿಸಬೇಕು. ಉಬ್ಬಸ ಇದ್ದರೆ ಮೊದಲೇ ಹೇಳಬೇಕು. ಗುಳಿಗೆ ನಡೆದಿದ್ದರೂ ಬಿದ್ದವರಲ್ಲಿ ಬಹಳ ಜನ ಡೋಸು ತಪ್ಪಿಸಿದವರು. ಜಾತ್ರೆಗೆ ಹೋದಾಗ, ದುಡಿಯಲು ಬೆಂಗಳೂರಿಗೆ ಗುಳೆ ಹೋದಾಗ ಗುಳಿಗೆ ಮುಗಿದಿದ್ದು ಗೊತ್ತಾಗುವುದು ಬಿದ್ದ ಮೇಲೆ. ಎರಡೂ ಪ್ರತಿ ಕೆಟ್ಟ ಮಕ್ಕಳಿಗೆ ಬರೀ ಗುಳಿಗೆ ಸಾಲದೆ ಬಡಿತ ಕೆಟ್ಟಾಗ ತಾನೇ ಶಾಕ್ ಕೊಡುವ ಐಸಿಡಿ ಯಂತ್ರವನ್ನು ಎದೆಯೊಳಗೆ ಕೂಡಿಸುವುದೋ, ಹೃದಯವನ್ನು ಕೆರಳಿಸುವ ಎಡಭಾಗದ ಸಿಂಪಥೆಟಿಕ್ ನರ ಕತ್ತರಿಸುವುದೋ ಬೇಕಾಗಬಹುದು. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆ ರಾಯಚೂರು, ಕೊಪ್ಪಳಕ್ಕೆ ಬೆಂಗಳೂರಿಗಿಂತ ಹತ್ತಿರ.

ಔಷಧದಂಗಡಿಯಲ್ಲಿ ಎಚ್ಚರ ಬೇಕು. ಅಜಿಥ್ರೊಮೈಸಿನ್, ಫ್ಲುಕೊನಜೋಲ್, ಡೊಂಪೆರಿಡೋನ್, ಒಂಡನ್ಸೆಟ್ರಾನ್, ಕ್ಲೋರೊಕ್ವಿನ್, ಹಾಲೊಪೆರಿಡಾಲ್ ಇವೆಲ್ಲ ಆ ಬೇಗ ತೆರೆಯುವ ಇನ್ನೊಂದು ಚಾನೆಲ್ಲಿಗೆ ಅಡ್ಡ ಬರಬಲ್ಲವು. ನಿಧಾನದ ಚಾನೆಲ್ ಮೊದಲೇ ಸೊರಗಿದವರಿಗೆ ಉಳಿದ ಒಂದೂ ಹೋದಂತೆ. ವಾಂತಿಭೇದಿಯಿಂದ ರಕ್ತದ ಪೊಟ್ಯಾಸಿಯಂ ಇಳಿದಾಗಲೂ ಅದೇ ಬೇಗದ ಚಾನೆಲ್ ಕುಗ್ಗುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ವಾಂತಿಭೇದಿ ಹಿಡಿದು, ಅದಕ್ಕೆ ಅಂಗಡಿಯಲ್ಲೇ ಡೊಂಪೆರಿಡೋನ್, ಒಂಡನ್ಸೆಟ್ರಾನ್ ಥರದ ವಾಂತಿ ನಿಲ್ಲಿಸುವ ಗುಳಿಗೆ ತಂದು ನುಂಗಿದರೆ ಎರಡು ಹೊಡೆತ ಒಟ್ಟಿಗೆ ಬೀಳುತ್ತವೆ. ಇಂಥವರು ಓಆರ್‌ಎಸ್ ಕುಡಿದು ಆಸ್ಪತ್ರೆಗೆ ಹೋಗಿ ಎಲೆಕ್ಟ್ರೋಲೈಟ್ಸ್ ನೋಡಿಸಬೇಕು. ಶಾಲೆಯ ಪಿ.ಟಿ. ಮೇಷ್ಟ್ರಿಗೆ ವಿಷಯ ತಿಳಿಸಿರಬೇಕು, ಪೈಪೋಟಿಯ ಓಟ ಬೇಡ, ಕಾಲುವೆಯ ಈಜು ಬೇಡವೇ ಬೇಡ.

ಬಿದ್ದವರು ಅಲುಗಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಫೋನು ಮಾಡಬೇಕು, ಇನ್ನೊಬ್ಬರು ಎದೆಯ ನಡುವಿನ ಮೂಳೆಯ ಮೇಲೆ ಅಂಗೈ ಇಟ್ಟು ಒತ್ತಲು ಶುರು ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5 ಸೆಂಟಿಮೀಟರ್ ಆಳ, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ನೀರಿನಿಂದ ಎತ್ತಿದವರಿಗೆ ಬಾಯಿಗೆ ಬಾಯಿಟ್ಟು ಉಸಿರನ್ನೂ ಕೊಡಬೇಕು. ಆಂಬುಲೆನ್ಸ್ ಬರುವವರೆಗೆ ಕೈ ನಿಲ್ಲಬಾರದು.

ಒಬ್ಬರಲ್ಲಿ ಗೊತ್ತಾದ ಮೇಲೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಇಸಿಜಿ ಆಗಬೇಕು. ಜೀನ್ ಪರೀಕ್ಷೆಗೆ ಕೆಲವು ಮಿಲಿಲೀಟರ್ ರಕ್ತ ಸಾಕು. ಮೊದಲು ಕಾಯಿಲೆ ಇರುವವರ ರಕ್ತ, ಅದರಲ್ಲಿ ತಪ್ಪು ಸಿಕ್ಕ ಮೇಲೆ ಮನೆಯವರಲ್ಲಿ ಅದೊಂದನ್ನೇ ಹುಡುಕುವುದು. ರಿಪೋರ್ಟಿನಲ್ಲಿ ಅರ್ಥ ಖಚಿತವಿಲ್ಲದ ಬದಲಾವಣೆ ಎಂದು ಬಂದರೆ ಅದರ ಮೇಲೆ ಮದುವೆ, ಬಸಿರಿನ ತೀರ್ಮಾನ ಮಾಡಬಾರದು. ಆ ಮನೆಯಲ್ಲಿ ಕೂಸು ಹುಟ್ಟಿದರೆ ಕಿವಿಯ ಪರೀಕ್ಷೆಯ ಜೊತೆಗೆ ಇಸಿಜಿಯೂ ಆಗಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಕ್ಯೂಟಿ ಎಲ್ಲ ಕೂಸುಗಳಲ್ಲೂ ಕೊಂಚ ಉದ್ದ ಇರಬಹುದು, ಆದ್ದರಿಂದ ಮೂರು ನಾಲ್ಕು ವಾರಕ್ಕೆ ಇನ್ನೊಂದು ಇಸಿಜಿ ತೆಗೆಸಿ ಎರಡೂ ಹಾಳೆಗಳನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟಿರಬೇಕು.